ಬೀಡಿಯ ಹೊಲದಲ್ಲಿ ಕೈರುವಾನಿನ ಮಸೀದಿ

ಬೆಳಗಾವಿಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ವಾಸ್ತುಶಿಲ್ಪದ ಇತಿಹಾಸ ಕಲಿಸುತ್ತೇನೆ. ಇದನ್ನು ಕೇಳಿದವರು ನಾನು ಬಹಳ ದೇಶ ಸುತ್ತಿರಬೇಕು ಅಂದುಕೊಳ್ಳುತ್ತಾರೆ. ನಾನು ಕಂಡ ಅತಿ ದೂರದ ಕಟ್ಟಡ ಆಗ್ರಾದ್ದು, ಅದೂ ನಾದಿನಿಯ ಮದುವೆ ಮುಗಿಸಿ ಬರುವಾಗ. ಉಳಿದ ಲೋಕವೆಲ್ಲ ನನಗೆ ಕ್ಲಾಸಿನ ಪರದೆಯ ಮೇಲೆ ಬೀಳುವ ಚಿತ್ರ. ರೋಮು, ಕೈರೋ, ಇಸ್ತಾನ್‌ಬುಲ್ ಎಲ್ಲವೂ ಒಂದೇ ಅಳತೆಯವು: ಪರದೆ ಎಷ್ಟು ಅಗಲವೋ ಅವೂ ಅಷ್ಟೇ ಅಗಲ.

ಎರಡು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ಟ್ಯುನೀಶಿಯಾದ ಕೈರುವಾನ್ ಎಂಬ ಊರಿನ ದೊಡ್ಡ ಮಸೀದಿಯ ಪಾಠ ನಡೆದಿತ್ತು. ಉತ್ತರ ಆಫ್ರಿಕಾದ ಮಸೀದಿಗಳಲ್ಲಿ ಅದು ಬಹಳ ಹಿರಿಯದು. ಏಳನೆಯ ಶತಮಾನದಲ್ಲಿ ಅರಬರ ದಂಡನಾಯಕನೊಬ್ಬ ಬಟ್ಟಬಯಲಿನಲ್ಲಿ ದಂಡು ಇಳಿಸಿ ಊರು ಹಾಕಿದ, ಊರಿನ ಜೊತೆಗೇ ಮಸೀದಿಯನ್ನೂ ಕಟ್ಟಿಸಿದ. ಈಗ ನಿಂತಿರುವುದು ಬಹುಮಟ್ಟಿಗೆ ಒಂಬತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಹೊರಗಿನಿಂದ ಕೋಟೆಯಂಥ ಗೋಡೆ. ಒಳಗೆ ಹಾಸುಗಲ್ಲಿನ ಭಾರಿ ಅಂಗಳ. ಅಂಗಳದ ಉತ್ತರಕ್ಕೆ ಮೂರು ಅಂತಸ್ತಿನ ಚೌಕ ಮಿನಾರು. ದಕ್ಷಿಣಕ್ಕೆ, ಸಾಲು ಸಾಲು ಕಂಬಗಳ ಮೇಲೆ ನಿಂತ ನಮಾಜಿನ ಹಜಾರ. ನಾನು ಚಿತ್ರ ತೋರಿಸುತ್ತ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಅದು ನಮ್ಮ ಬಸ್‌ಸ್ಟ್ಯಾಂಡಿಗಿಂತ ದೊಡ್ಡದೋ ಸಣ್ಣದೋ ಎಂದು ಕೇಳಿದಳು. ಬಹಳ ದೊಡ್ಡದು ಅಂದೆ. ಬಹಳ ಅಂದರೆ ಎಷ್ಟು ಅಂದಳು. ಪುಸ್ತಕ ನೋಡಿ, ಉದ್ದ ನೂರಿಪ್ಪತ್ತೈದು ಮೀಟರಿಗೂ ಮೇಲೆ, ಅಗಲ ಎಪ್ಪತ್ತೈದರ ಆಸುಪಾಸು ಅಂತ ಓದಿದೆ. ಎಲ್ಲರೂ ಬರೆದುಕೊಂಡರು. ಬರೆದುಕೊಂಡದ್ದು ಬಿಟ್ಟರೆ ಯಾರೊಳಗೂ ಏನೂ ಆಗಲಿಲ್ಲ ಎಂಬುದು ಮುಖಗಳಲ್ಲೇ ಕಾಣುತ್ತಿತ್ತು. ನನ್ನೊಳಗೂ ಏನೂ ಆಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನು ಗೆಳತಿಗೆ ಹೇಳಿದೆ. ಅವಳು ನಮ್ಮ ಕಾಲೇಜಿನಲ್ಲೇ ಸರ್ವೇ ಕಲಿಸುತ್ತಾಳೆ. ಖಾನಾಪುರದವಳು, ಅವಳ ತಂದೆಗೆ ಅಲ್ಲಿ ಕಟ್ಟಿಗೆ ಕೊಯ್ಯುವ ಸಾಮಿಲ್ಲು ಇತ್ತು. ಮನೆಯಲ್ಲಿ ದಖ್ಖನಿ, ಅಂಗಡಿಯವರ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಮೂರೂ ಒಟ್ಟಿಗೆ. ವಯಸ್ಸಿನಲ್ಲಿ ನನಗಿಂತ ಸಣ್ಣವಳು. ನನ್ನ ಡಬ್ಬಿಯ ಬದನೆಕಾಯಿ ಪಲ್ಯವನ್ನು ತನ್ನ ರೊಟ್ಟಿಗೆ ಹಚ್ಚಿಕೊಳ್ಳುತ್ತ, ಯಾವ ಆವೇಶವೂ ಇಲ್ಲದೆ ಅಂದಳು:

"ನೆಲದ ಮ್ಯಾಲ ಅಳದು ಹಾಕೂಣಲ್ಲ ಅಕ್ಕಾರ. ಇದ್ದಷ್ಟ ದೊಡ್ಡದು. ಟೇಪು ನನ್ನ ಹಂತೇಕ ಐತಿ, ಜಾಗಾ ನೀವು ಹುಡುಕ್ರಿ."

ಕಾಲೇಜಿನ ಮೈದಾನ ಕೇಳಿದೆವು. ಅರ್ಧ ಗಾಡಿ ನಿಲ್ಲಿಸಲಿಕ್ಕೆ, ಉಳಿದರ್ಧ ಕ್ರಿಕೆಟ್ಟಿಗೆ ಎಂದು ಮೇಲಿನವರು ಹೇಳಿದರು. ಹಾಕುವುದು ಮಸೀದಿಯ ನಕ್ಷೆ ಎಂದು ತಿಳಿದ ಮೇಲೆ ಒಮ್ಮೆ ನಕ್ಕು ಬೇರೆ ಮಾತು ತೆಗೆದರು.

ಕೊನೆಗೆ ಭಾವನಿಗೆ ಫೋನು ಮಾಡಿದೆ. ನನ್ನ ಗಂಡನ ಅಣ್ಣ ಅವರು. ಖಾನಾಪುರ ತಾಲೂಕಿನ ಬೀಡಿ ಎಂಬ ದೊಡ್ಡ ಹಳ್ಳಿಯಲ್ಲಿ ಕುಟುಂಬದ ಹೊಲ ನೋಡಿಕೊಂಡಿದ್ದಾರೆ. ಉದ್ದಗಲ ಹೇಳಿದೆ. ಅವರು ಬಾಯಲ್ಲೇ ಗುಣಿಸಿದರು. ಆಮೇಲೆ, ಅದಕ್ಕೆ ಹತ್ತಿರ ಹತ್ತಿರ ಎರಡೂವರೆ ಎಕರೆ ಬೇಕು, ಗೋವಿನಜೋಳ ಕಿತ್ತ ಹೊಲ ಖಾಲಿ ಇದೆ, ಕುಂಟೆ ಹೊಡೆದು ಸಪಾಟು ಮಾಡಿಸಿ ಇಡುತ್ತೇನೆ ಅಂದರು. ಇಪ್ಪತ್ತು ವರ್ಷ ಕಲಿಸಿದ ನನಗೆ ಆ ಕಟ್ಟಡದ ಗಾತ್ರ ಮೊದಲ ಸಲ ಮೈಗೆ ತಾಗಿದ್ದು ಆಗ. ಫೋನು ಇಟ್ಟ ಎರಡು ನಿಮಿಷಕ್ಕೆ ಅವರೇ ತಿರುಗಿ ಮಾಡಿದರು.

"ಖರೇ ಮಸೂತಿ ಏನೂ ಕಟ್ಟಂಗಿಲ್ಲ ಹೌದಿಲ್ಲೋ?"

ಇಲ್ಲರೀ, ಬರೀ ಗೆರೆ, ಅಂದೆ. ಗೆರೆಗೆ ತನ್ನದೇನೂ ತಕರಾರಿಲ್ಲ ಅಂದರು.

ಅಷ್ಟು ಉದ್ದದ ಗೆರೆಗೆ ಹಗ್ಗ ಎಲ್ಲಿಂದ ತರುವುದು? ನನ್ನ ತವರು ವಡಗಾವಿ. ಅಣ್ಣ ಈಗಲೂ ನಾಲ್ಕು ಪವರ್‌ಲೂಮು ನಡೆಸುತ್ತಾನೆ. ಅವನ ಮನೆಯ ಅಟ್ಟದಲ್ಲಿ ಬಣ್ಣ ಕೆಟ್ಟ ನೂಲು, ಸೀರೆಗೆ ಸಾಲದೆ ಉಳಿದ ನೂಲು ಚೀಲಗಟ್ಟಲೆ ಬಿದ್ದಿತ್ತು. ಬೇಕಾದಷ್ಟು ಒಯ್ಯಿ ಅಂದ. ಹಾಗಾಗಿ ನಮ್ಮ ಮಸೀದಿಯ ಹೊರಗೋಡೆಗೆ ರಾಣಿ ಬಣ್ಣ, ಅಂಗಳಕ್ಕೆ ಗಿಳಿಹಸಿರು, ಹಜಾರದ ಸಾಲುಗಳಿಗೆ ಅರಿಶಿನ ಬಂತು. ಮಡಿಲ ತುಂಬ ನೂಲಿನ ಕೋನುಗಳನ್ನು ಇಟ್ಟುಕೊಂಡು ವಡಗಾವಿಯ ಸಂದಿಯಿಂದ ಆಟೋದಲ್ಲಿ ಹೊರಟಾಗ, ಯಾವ ಕಾರಣವೂ ಇಲ್ಲದೆ ನನಗೆ ನಗು ಬರತೊಡಗಿತು.

ಜನವರಿಯ ಒಂದು ಭಾನುವಾರ ನಸುಕಿನಲ್ಲೇ ವಿದ್ಯಾರ್ಥಿಗಳನ್ನು ತುಂಬಿಕೊಂಡು ಟೆಂಪೋದಲ್ಲಿ ಹೊರಟೆವು. ಖಾನಾಪುರದಲ್ಲಿ ಗೆಳತಿಯ ತಂದೆ ರಸ್ತೆಯ ಮೇಲೇ ಕಾಯುತ್ತಿದ್ದರು. ಎಪ್ಪತ್ತು ದಾಟಿದವರು, ಬಿಳಿ ಪೈಜಾಮ, ಬೂದು ಸ್ವೆಟರು, ತಲೆಗೆ ಜಾಳಿಗೆಯ ಟೋಪಿ. ನಾನು ಅವರನ್ನು ಚಾಚಾ ಎನ್ನುತ್ತೇನೆ. ಪಕ್ಕದಲ್ಲಿ ಎರಡೂ ಕಡೆ ಕಾಲು ಚಾಚಿ ತಾನೇ ನಿಲ್ಲುವಂಥ ಒಂದು ಭಾರಿ ಏಣಿ. ಹಳೆಯ ಸಾಮಿಲ್ಲಿನದು, ಅಪ್ಪಟ ಸಾಗವಾನಿ.

ಅವರು ಬಂದ ಕಾರಣ ಹೇಳಬೇಕು. ಶುಕ್ರವಾರದ ಪ್ರವಚನಕ್ಕೆ ಇಮಾಮರು ಹತ್ತಿ ನಿಲ್ಲುವ ಮೆಟ್ಟಿಲ ಪೀಠವನ್ನು ಮಿಂಬರು ಎನ್ನುತ್ತಾರೆ. ಇಂದಿಗೂ ಉಳಿದಿರುವ ಮಿಂಬರುಗಳಲ್ಲಿ ಕೈರುವಾನಿನದೇ ಎಲ್ಲಕ್ಕಿಂತ ಹಳೆಯದು. ಕುಸುರಿ ಕೆತ್ತಿದ ಮುನ್ನೂರು ಚಿಲ್ಲರೆ ಹಲಗೆಗಳನ್ನು ಜೋಡಿಸಿ ಮಾಡಿದ್ದು. ಅದರ ಮರ ಸಾಗವಾನಿ, ಅದು ಹೋದದ್ದು ಹಿಂದುಸ್ತಾನದಿಂದ ಎಂದು ಬಲ್ಲವರು ಹೇಳುತ್ತಾರೆ. ಮಗಳು ಇಷ್ಟು ಹೇಳಿದ್ದೇ ತಡ, ಚಾಚಾ ಒಂದು ವಾರದಿಂದ ನೆಲದ ಮೇಲೆ ನಿಂತಿರಲಿಲ್ಲ. ಟೆಂಪೋದಲ್ಲಿ ನನ್ನ ಪಕ್ಕವೇ ಕೂತು, ಹಿಂದುಸ್ತಾನದಲ್ಲಿ ಎಲ್ಲಿಯದು ಎಂದು ಕೇಳಿದರು. ಅಷ್ಟು ಖಚಿತವಾಗಿ ಯಾರಿಗೂ ಗೊತ್ತಿಲ್ಲ, ಪಶ್ಚಿಮದ ಕರಾವಳಿಯಿಂದ ಹಡಗೇರಿರಬಹುದು ಅಂದೆ.

"ಪಶ್ಚಿಮ ಅಂದ್ರ ನಾವ ಬಂದ್ವಿ," ಅಂದರು ಚಾಚಾ. "ಖಾನಾಪುರದ ಸಾಗವಾನಿನ ಅದು."

ಗೆಳತಿ ಮುಂದಿನ ಸೀಟಿನಿಂದ ತಿರುಗಿ, ‘ಅಬ್ಬಾ’ ಎಂದು ತಂದೆಯನ್ನು ಕರೆದು, ಗೊತ್ತಿಲ್ಲದ್ದನ್ನು ಹೇಳಬೇಡ ಅಂದಳು. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ.

ಹೊಲ ನಿಜಕ್ಕೂ ರೊಟ್ಟಿ ತಟ್ಟಿದಷ್ಟು ಸಪಾಟಾಗಿತ್ತು. ಗೆಳತಿ ಕ್ಯಾಪು ಹಾಕಿಕೊಂಡು ಟೇಪು ಹಿಡಿದು ನಿಂತಳೆಂದರೆ ಬೇರೆಯೇ ಮನುಷ್ಯಳು. ಗೂಟ ಹೊಡೆಸಿದಳು, ಮೂಲೆ ಹಿಡಿಸಿದಳು, ಹುಡುಗರನ್ನು ಓಡಾಡಿಸಿದಳು. ಮೂರು ಗೋಡೆ ಆಗಿ ನಾಲ್ಕನೆಯದು ಮೊದಲ ಗೂಟಕ್ಕೆ ಬಂದು ಕೂಡಬೇಕು, ಕೂಡಲಿಲ್ಲ. ಎರಡು ಮಾರು ಆಚೆ ಹೋಗಿತ್ತು. ವಿದ್ಯಾರ್ಥಿಗಳ ಎದುರಿಗೆ ಸರ್ವೇ ಕಲಿಸುವವಳ ಮುಖ ಹೇಗಾಗಿರಬೇಡ. ನಾನು ಪುಸ್ತಕ ತೆಗೆದು ಅಳತೆ ಮತ್ತೆ ನೋಡಿದೆ. ಮೂಲ ಮಸೀದಿಯ ನಾಲ್ಕು ಗೋಡೆಗಳಲ್ಲಿ ಒಂದರ ಅಳತೆ ಇನ್ನೊಂದಕ್ಕಿಲ್ಲ. ಎದುರುಬದುರಿನ ಗೋಡೆಗಳೂ ಸಮ ಇಲ್ಲ. ಅದು ಸಾವಿರದಿನ್ನೂರು ವರ್ಷದಿಂದ ಸೊಟ್ಟಗೇ ನಿಂತಿದೆ. ಗಟ್ಟಿಯಾಗಿ ಓದಿದೆ. ಗೆಳತಿ ಪುಸ್ತಕ ಕಸಿದುಕೊಂಡು ತಾನೂ ಓದಿದಳು.

"ಹಂಗಾದ್ರ ನಾ ಬರೋಬರಿ ತಪ್ಪೇನಿ," ಅಂದಳು.

ನಾನು ಹೊಲದಲ್ಲೇ ಕೂತುಬಿಟ್ಟೆ. ನಗು ನಿಲ್ಲಿಸಲು ಆಗಲಿಲ್ಲ. ಮೊದಲು ಹುಡುಗರು ಅನುಮಾನದಿಂದ ನೋಡಿದರು, ಆಮೇಲೆ ಅವರೂ ನಕ್ಕರು. ಆ ದಿನ ಅಲ್ಲಿಂದ ಮುಂದೆ ನಾನು ಸರಿಯಾಗಿ ಗಂಭೀರಳಾದ ನೆನಪೇ ಇಲ್ಲ.

ಅಷ್ಟರಲ್ಲಿ ಉತ್ತರದ ತುದಿಯಲ್ಲಿ ಭಾವ ತಮ್ಮದೇ ಕೆಲಸ ಶುರು ಮಾಡಿದ್ದರು. ಮಿನಾರಿನ ಚಿತ್ರವನ್ನು ನನ್ನ ಫೋನಿನಲ್ಲಿ ದೊಡ್ಡದು ಮಾಡಿ ನೋಡಿಕೊಂಡು ಹೋದವರು, ಟ್ರ್ಯಾಕ್ಟರಿನಲ್ಲಿ ಭತ್ತದ ಹುಲ್ಲು ತರಿಸಿ ಬಣವೆ ಒಟ್ಟುತ್ತಿದ್ದರು: ಕೆಳಗೆ ಅಗಲದ ಚೌಕ, ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ಎತ್ತರ ಎರಡಾಳು ಇತ್ತೋ ಏನೋ, ನಿಜವಾದದ್ದರ ಮೊಣಕಾಲಿಗೂ ಬರುತ್ತಿರಲಿಲ್ಲ. ಆದರೆ ಮೂರು ಅಂತಸ್ತಿನ ಆಕಾರ ಮಾತ್ರ ಹಾಗೆಯೇ ಬಂದಿತ್ತು. ದೂರ ನಿಂತು ತಲೆ ವಾಲಿಸಿ ನೋಡಿ, ನಡುವಿನದು ತುಸು ದಪ್ಪಾತು ಎಂದು ಮತ್ತೆ ಏರಿ ಹುಲ್ಲು ಕಿತ್ತರು.

ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ನಮ್ಮ ಹುಡುಗನೊಬ್ಬನನ್ನು ಏನು ನಡೆದಿದೆ ಎಂದು ಕೇಳಿದರಂತೆ. ಅವನು ಬಗ್ಗಿ ಗೂಟ ಹೊಡೆಯುತ್ತಲೇ, ಮಸೂತಿ ಹಾಕಾಕತ್ತೇವ್ರಿ ಅಂದನಂತೆ. ನಾವು ಚಹ ಕುಡಿದು ಮುಗಿಸುವುದರೊಳಗೆ ಹೊಲದ ಒಡ್ಡಿನ ಮೇಲೆ ಜನ ಸಾಲುಗಟ್ಟಿತ್ತು. ಮೋಟರ್‌ಸೈಕಲ್ಲುಗಳು ಬಂದು ನಿಂತವು. ಒಬ್ಬ ಗಡುಸು ಮನುಷ್ಯ ಹೆಲ್ಮೆಟ್ಟನ್ನೂ ತೆಗೆಯದೆ ಇಳಿದು ಬಂದು, ಇದಕ್ಕೆ ಪರವಾನಿಗಿ ಕೊಟ್ಟವರು ಯಾರು ಎಂದು ಕೇಳಿದ. ಅವನ ಹಿಂದೆಯೇ ಊರ ಮಸೀದಿಯ ಹಿರಿಯರೊಬ್ಬರು ಬಂದರು. ಅವರ ಬೇಸರ ಬೇರೆ ತರಹದ್ದು: ಊರಲ್ಲಿ ಇನ್ನೊಂದು ಮಸೀದಿ ಆಗುತ್ತಿದ್ದರೆ ತಮಗೊಂದು ಮಾತು ಹೇಳಬೇಡವೇ ಎಂದು. ವಿದ್ಯಾರ್ಥಿಗಳನ್ನು ಕರೆತಂದವಳು ನಾನು. ಗೆಳತಿ ಟೇಪು ಸುತ್ತುತ್ತ ನನ್ನ ಹತ್ತಿರ ಬಂದು ನಿಂತಳು.

ಭಾವ ಬಣವೆಯಿಂದ ಇಳಿದು, ಅಂಗಿಗೆ ಹತ್ತಿದ ಹುಲ್ಲು ಝಾಡಿಸುತ್ತ, ಇಬ್ಬರಿಗೂ ಸೇರಿಸಿ ಒಂದೇ ಉತ್ತರ ಕೊಟ್ಟರು.

"ಇದು ಮಸೂತಿ ಅಲ್ಲ, ಮಸೂತಿ ನಕ್ಷಾ. ಆಫ್ರಿಕಾದಾಗಿಂದು. ನಾಳೆ ಕುಂಟಿ ಹೊಡದ್ರ ಹೋಗತೈತಿ. ಹೊಲ ನಂದ, ಈಕಿ ನಮ್ಮ ಮನಿ ಸೊಸಿ. ಬರ್ರಿ, ನೋಡ್ರಿ, ಆಕಿ ಹೇಳತಾಳ."

ಎಲ್ಲರೂ ನನ್ನ ಕಡೆ ನೋಡಿದರು. ಬೇರೇನೂ ತೋಚದೆ ಪಾಠ ಶುರು ಮಾಡಿದೆ. ನೀರಿನ ಮಾತಿನಿಂದ ತೊಡಗಿದೆ. ಆ ಊರಲ್ಲಿ ಮಳೆ ಕಡಿಮೆ. ಅದಕ್ಕೇ ಅಂಗಳವನ್ನೇ ತುಸು ಇಳಿಜಾರು ಮಾಡಿದ್ದಾರೆ. ಬಿದ್ದ ಮಳೆಯೆಲ್ಲ ಒಂದು ಅಮೃತಶಿಲೆಯ ತಟ್ಟೆಗೆ ಹರಿದು, ಅದರ ಕಚ್ಚುಗಳಲ್ಲಿ ಕಸ ಮಣ್ಣು ನಿಂತು, ತಿಳಿನೀರು ಮಾತ್ರ ನೆಲದೊಳಗಿನ ತೊಟ್ಟಿಗೆ ಇಳಿಯುತ್ತದೆ. ಇದನ್ನು ಕೇಳಿ ಒಡ್ಡಿನ ಮೇಲಿದ್ದವರು ಹೊಲಕ್ಕಿಳಿದರು. ನೀರಿನ ಹಾದಿ ಗೊತ್ತಿದ್ದವನೇ ಕಟ್ಟಿದ್ದಾನೆ ಎಂದು ಯಾರೋ ಅಂದರು. ಒಬ್ಬರ ಕೈಯಲ್ಲೂ ಫೋನಿಲ್ಲದ ಅಂಥ ಕ್ಲಾಸು ನನಗೆ ಅದೇ ಮೊದಲು.

ಆಮೇಲೆ ಹಜಾರದ ಮಾತು ಬಂತು. ಒಳಗೆ ನಾನೂರಕ್ಕೂ ಹೆಚ್ಚು ಕಂಬಗಳಿವೆ, ಆದರೆ ಕಟ್ಟಿದವರು ಅವನ್ನು ಕಡೆಸಲಿಲ್ಲ ಅಂದೆ. ಅವರಿಗಿಂತ ಮೊದಲು ಆ ನಾಡನ್ನು ಆಳಿದ ರೋಮನರು, ಬೈಜಾಂಟೈನರು ಬಿಟ್ಟುಹೋದ ಪಾಳು ಊರುಗಳಿಂದ ಹೊತ್ತು ತಂದರು. ಒಂದು ಬಿಳಿ, ಒಂದು ಕೆಂಪು, ಒಂದು ಬೂದು. ಒಂದು ಉದ್ದ, ಒಂದು ಗಿಡ್ಡ. ಗಿಡ್ಡದಕ್ಕೆ ಅಡಿಗಲ್ಲು ಕೊಟ್ಟು ಎತ್ತರಿಸಿದರು. ಕಂಬದ ನೆತ್ತಿಯ ಬೋದಿಗೆಗಳೂ ಅಷ್ಟೇ, ಒಂದಕ್ಕೊಂದು ಹೋಲುವುದಿಲ್ಲ. ಮೇಲಿನ ಕಮಾನುಗಳು ಮಾತ್ರ ಎಲ್ಲವನ್ನೂ ಕೈ ಹಿಡಿಸಿ ನಿಲ್ಲಿಸಿವೆ.

ಇಷ್ಟು ಹೇಳಿ ಎದುರಿಗೆ ನೋಡಿದೆ. ಗಾಂಧಿ ಟೋಪಿ, ಹೆಗಲ ಟವೆಲ್ಲನ್ನು ತಲೆಗೆ ಸುತ್ತಿದವರು, ಜಾಳಿಗೆ ಟೋಪಿ, ಸೆರಗು ಹೊದ್ದ ಹೆಂಗಸರು, ಹೆಲ್ಮೆಟ್ಟು. ಉದ್ದದವರು, ಗಿಡ್ಡದವರು. ಇದನ್ನು ಗೆಳತಿಗೆ ಹೇಳಬೇಕೆನಿಸಿತು. ತಿರುಗಿ ನೋಡಿದರೆ ಗೆಳತಿ ಆಗಲೇ ಸುಣ್ಣದ ಪುಡಿಯ ಡಬ್ಬಿ ಹಿಡಿದು ಹಜಾರದ ಗೆರೆಗಳ ಮೇಲೆ ಚುಕ್ಕೆ ಇಡುತ್ತ ಹೊರಟಿದ್ದಳು.

"ಮತ್ತ ಕಂಬ ಎಲ್ಲಿ ಅದಾವ್ರಿ?" ಎಂದು ಹೆಲ್ಮೆಟ್ಟಿನವನು ಕೇಳಿದ.

"ಇಲ್ಲೇ ಅದಾವ್ರಿ," ಅಂದೆ. "ನೀವ ಬರ್ರಿ. ಈ ಚುಕ್ಕಿ ಮ್ಯಾಲ ನಿಂದರ್ರಿ."

ಅವನು ಭಾವನ ಮುಖ ನೋಡಿದ. ಊರ ಹಿರಿಯರ ಮುಖ ನೋಡಿದ. ಆಮೇಲೆ ನಡೆದು ಬಂದು ಚುಕ್ಕೆಯ ಮೇಲೆ ನಿಂತ, ನೆಟ್ಟಗೆ, ಕೈ ಪಕ್ಕಕ್ಕಿಟ್ಟು. ಹೆಲ್ಮೆಟ್ಟು ತೆಗೆಯಲಿಲ್ಲ. ನಾನೂ ತೆಗೆಯಲು ಹೇಳಲಿಲ್ಲ.

ಅಲ್ಲಿಂದ ಮುಂದಿನದು ಯಾರ ಕೈಯಲ್ಲೂ ಇರಲಿಲ್ಲ. ಹಜಾರದ ಹದಿನೇಳು ಓಣಿಗಳನ್ನೂ ತುಂಬುವಷ್ಟು ಜನ ಇರಲಿಲ್ಲ ನಿಜ. ನಡುವಿನ ಅಗಲವಾದ ಓಣಿ, ಅದರ ಆಚೀಚೆ ಎರಡೆರಡು ಸಾಲು, ಮುಂದಿನ ಗೋಡೆಯ ಉದ್ದಕ್ಕೆ ಒಂದಿಷ್ಟು ಮಂದಿ, ಅಷ್ಟಾಯಿತು. ಒಬ್ಬೊಬ್ಬರೇ ನಿಲ್ಲಲು ನಾಚಿದ ಹೆಂಗಸರು ಇಬ್ಬಿಬ್ಬರಾಗಿ ಕೈ ಹಿಡಿದು ನಡುವಿನ ಓಣಿಗೆ ನಿಂತರು. ನಿಜವಾದ ಹಜಾರದಲ್ಲೂ ನಡು ಓಣಿಯ ಕಂಬಗಳು ಜೋಡಿ ಜೋಡಿಯೇ ಎಂದು ನಾನು ಕೂಗಿ ಹೇಳಿದಾಗ ಅವರಿಗೆ ಎಲ್ಲಿಲ್ಲದ ಧೈರ್ಯ ಬಂತು. ಭಾವನ ದನದ ಕೊಟ್ಟಿಗೆಗೆ ತಂದಿಟ್ಟ ಇಟ್ಟಿಗೆಗಳು ಬಂದವು. ಗಿಡ್ಡದವರೆಲ್ಲ ಇಟ್ಟಿಗೆ ಏರಿದರು. ಒಬ್ಬ ಮುದುಕಿ ತನಗೆ ಇನ್ನೂ ಒಂದು ಬೇಕೆಂದು ಹಟ ಹಿಡಿದಳು. ತೋಳೆತ್ತಿ ಎದುರಿನವರ ಕೈ ಮುಟ್ಟಿಸಿದರೆ ಅದು ಕಮಾನು. ಕುದುರೆ ಲಾಳದ ಹಾಗೆ ಬರಬೇಕು ಅಂದದ್ದಕ್ಕೆ ಎಲ್ಲರೂ ಮೊಣಕೈ ಹೊರಗೆ ಬಗ್ಗಿಸಿದರು.

ಭಾವನ ಹೆಂಡತಿ, ನನ್ನ ನೆಗೆಣ್ಣಿ, ಉಪ್ಪಿಟ್ಟಿಗೆಂದು ಸ್ಟೀಲಿನ ತಾಟುಗಳ ಬುಟ್ಟಿ ತಂದಿದ್ದಳು. ಕೈರುವಾನಿನ ಮಿಹ್ರಾಬು, ಅಂದರೆ ಕಾಬಾದ ದಿಕ್ಕು ತೋರುವ ಗೋಡೆಗೂಡು, ಅದರ ಸುತ್ತ ಲೋಹದಂತೆ ಹೊಳೆಯುವ ಪಿಂಗಾಣಿ ಬಿಲ್ಲೆಗಳಿವೆ. ನಮ್ಮ ಹುಡುಗಿಯರು ಕೇಳದೆಯೇ ತಾಟುಗಳನ್ನೆಲ್ಲ ಎತ್ತಿ ಆ ಜಾಗದಲ್ಲಿ ಅರ್ಧಚಂದ್ರವಾಗಿ ನಿಲ್ಲಿಸಿದರು. ಬಿಸಿಲಿಗೆ ಕಣ್ಣು ಕೋರೈಸಿತು. ನೆಗೆಣ್ಣಿ ಅದನ್ನು ತಡೆದುಕೊಂಡಳು. ಆದರೆ ಆ ಮಸೀದಿಯ ಕಂಬಗಳನ್ನು ಪೂರ್ತಿ ಎಣಿಸಿದವರ ಕಣ್ಣು ಹೋಗುತ್ತದೆಂದು ಅಲ್ಲಿನ ಜನ ನಂಬಿದ್ದರು ಎಂದು ನಾನು ಹೇಳಿದ್ದೇ, ಯಾರೂ ಎಣಿಸಬ್ಯಾಡ್ರಿ ಎಂದು ಸಾಲಿನಿಂದ ಸಾಲಿಗೆ ಕೂಗು ಹೋಯಿತು. ಆಗ ಅವಳಿಗೆ ತಡೆಯಲಾಗಲಿಲ್ಲ.

"ಎಣಸಬ್ಯಾಡ್ರಿ ಅಂದ್ರ ನಾ ಎಷ್ಟ ಮಂದಿಗೆ ರವಾ ಹುರೀಲಿ?"

ಕಂಬಗಳೆಲ್ಲ ಅಲ್ಲಾಡಿಹೋದವು. ಮಿಹ್ರಾಬಿನ ಬಲಕ್ಕೆ, ಮಿಂಬರಿನ ಜಾಗದಲ್ಲಿ, ಚಾಚಾ ತಮ್ಮ ಏಣಿ ಹಾಕಿಸಿಕೊಂಡು ಮೂರು ಮೆಟ್ಟಿಲು ಹತ್ತಿ ಕೂತಿದ್ದರು. ಅಲ್ಲಿಂದ ಎಲ್ಲರ ತಲೆಯ ಮೇಲೆ ಕಣ್ಣಾಡಿಸಿ ಗಂಭೀರವಾಗಿ ಎಚ್ಚರಿಸಿದರು.

"ಯಾರೂ ಅಳ್ಳಾಡಬ್ಯಾಡ್ರಿ. ಮ್ಯಾಲ ಛತ್ತ ಐತಿ."

ನಾನು ಅಂಗಳದಿಂದ ನಡು ಓಣಿಯೊಳಗೆ ನಡೆದೆ. ಯಾವ ಚಿತ್ರದಲ್ಲೂ ನನಗೆ ಕಂಡಿರದ ಒಂದು ಸಂಗತಿ ಆಗ ಕಂಡಿತು. ಒಂದು ಹೆಜ್ಜೆ ಇಟ್ಟರೆ ಎದುರಿನವರ ಹಿಂದೆ ಎಲ್ಲರೂ ಅಡಗಿ ಒಬ್ಬರೇ ಆಗುತ್ತಾರೆ. ಇನ್ನೊಂದು ಹೆಜ್ಜೆಗೆ ಓರೆಯಾಗಿ ಹೊಸ ಓಣಿ ತೆರೆಯುತ್ತದೆ, ಅದರ ತುದಿಗೆ ಆಕಾಶ. ಮತ್ತೊಂದಕ್ಕೆ ಅದು ಮುಚ್ಚಿ ಬೇರೊಂದು. ಹಜಾರ ನಿಂತಲ್ಲೇ ತಿರುಗುತ್ತಿತ್ತು. ಬೇಗ ನಡೆದರೆ ಬೇಗ ತಿರುಗುತ್ತಿತ್ತು. ನಾನು ಓಡಿದೆ. ಐವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿ, ಗಂಡನ ಊರಿನವರ ಎದುರಿಗೆ, ಗೌಡರು ಗಾಣಿಗರು ಮಾಸ್ತರರ ನಡುವೆ ಹಾದು ಓಡಿದೆ. ತಲೆ ತಿರುಗಿ ಗೆಳತಿಯ ಭುಜ ಹಿಡಿದು ನಿಂತೆ. ಅವಳೂ ಓಡಿ ಬಂದವಳೇ, ಏದುಸಿರು ಬಿಡುತ್ತಿದ್ದಳು. ಒಬ್ಬರನ್ನೊಬ್ಬರು ನೋಡಿ ಮತ್ತೆ ನಕ್ಕೆವು.

ಅಷ್ಟರಲ್ಲಿ ಕಂಬಗಳಿಗೆ ಹೊಟ್ಟೆಕಿಚ್ಚಾಯಿತು. ತಾವು ನೋಡುವುದು ಯಾವಾಗ ಎಂದು ಕೇಳಿದವು. ಸರದಿ ಹಚ್ಚಿದೆವು: ನಾಲ್ಕು ಮಂದಿ ನಡೆಯುವುದು, ನಮ್ಮ ಹುಡುಗರು ಅವರ ಚುಕ್ಕೆ ಕಾಯುವುದು. ಹೆಲ್ಮೆಟ್ಟಿನವನು ಒಮ್ಮೆ ನಡೆದು, ಹೇಳದೆ ಕೇಳದೆ ಸುತ್ತು ಹಾಕಿ ಬಂದು ಎರಡನೆಯ ಸಲವೂ ಸರದಿಯಲ್ಲಿ ಸೇರಿಕೊಂಡ. ಊರ ಮಸೀದಿಯ ಹಿರಿಯರು ತಮ್ಮ ಸರದಿ ಬಂದಾಗ ಹಜಾರದ ಅರಿಶಿನ ನೂಲಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಹಿಂದಿದ್ದ ನಮ್ಮ ಭಾವನೂ ಬಿಟ್ಟರು. ಆಮೇಲೆ ಬಂದವರೆಲ್ಲ ಬಿಟ್ಟರು. ಸ್ವಲ್ಪ ಹೊತ್ತಿಗೆ ನೂಲಿನ ಉದ್ದಕ್ಕೂ ಚಪ್ಪಲಿಗಳ ಸಾಲು. ಬರಿಗಾಲಿಗೆ ಮಣ್ಣಿನಲ್ಲಿ ಉಳಿದ ಗೋವಿನಜೋಳದ ಕೂಳೆಯ ಚೂರು ಚುಚ್ಚುತ್ತಿತ್ತು, ಒಬ್ಬರೂ ತಿರುಗಿ ಹಾಕಿಕೊಳ್ಳಲಿಲ್ಲ. ಆ ಐದು ನಿಮಿಷ ಮಾತ್ರ ಹೊಲದಲ್ಲಿ ನಗು ಇರಲಿಲ್ಲ.

ಉಪ್ಪಿಟ್ಟು ಸಾಲದೆ ನೆಗೆಣ್ಣಿ ಎರಡನೆಯ ಬಾರಿ ಒಲೆ ಹೊತ್ತಿಸಿದಳು. ಸಂಜೆ ಹೊರಡುವಾಗ ನೂಲನ್ನೆಲ್ಲ ಅವಳೇ ಸುತ್ತಿ ಇಟ್ಟುಕೊಂಡಳು, ಕೌದಿ ಹೊಲಿಯಲು ಆದೀತು ಎಂದು.

ಖಾನಾಪುರದಲ್ಲಿ ಚಾಚಾನನ್ನು ಇಳಿಸುವ ಮೊದಲು ಚಹಕ್ಕೆ ನಿಂತೆವು. ಏಣಿ ಯಾಕೆ ಎಂದು ಅಂಗಡಿಯವನು ಕೇಳಿದ. ಚಾಚಾ ಮರಾಠಿಯಲ್ಲಿ ಶುರು ಮಾಡಿದರು. ಖಾನಾಪುರದ ಕಾಡಿನಿಂದ ಸಾಗವಾನಿ ಹೊರಟದ್ದು, ಬಂಡಿಗಳು ಘಟ್ಟ ಇಳಿದದ್ದು, ಹಡಗಿಗೆ ಏರಿಸುವಾಗ ಒಂದು ದಿಮ್ಮಿ ಸಮುದ್ರಕ್ಕೆ ಬಿದ್ದದ್ದು, ಎಲ್ಲ ಬಂತು. ಬಂಡಿಯ ಎತ್ತುಗಳ ಬಣ್ಣವೂ ಅವರಿಗೆ ಗೊತ್ತಿತ್ತು. ಗೆಳತಿಗೆ ನಗು ಬಂದು ಚಹ ಮೂಗಿಗೇರಿತು. ಇತಿಹಾಸ ಕಲಿಸುವವಳು ನಾನು, ತಿದ್ದಬೇಕಿತ್ತು. ಇನ್ನೊಂದು ಕಪ್ ಚಹ ಹೇಳಿದೆ.

ಭಾವ ಮರುದಿನ ಕುಂಟೆ ಹೊಡೆಯಲಿಲ್ಲ. ಸುತ್ತಲ ಹಳ್ಳಿಗಳಿಂದ ಬೀಗರು ನೆಂಟರು ಬಂದು ಸುಣ್ಣದ ಚುಕ್ಕೆ ನೋಡಿ ಹೋಗುತ್ತಿದ್ದರಂತೆ. ಹುಲ್ಲಿನ ಮಿನಾರು ದನಗಳಿಗೆ ಮೇಲಿನ ಅಂತಸ್ತಿನಿಂದ ಖರ್ಚಾಗುತ್ತ ಬಂತು. ಹದಿನೈದು ದಿನ ಬಿಟ್ಟು ಅವರ ಫೋನು ಬಂತು. ಪಕ್ಕದ ಊರಿನವರಿಗೂ ತಮ್ಮ ಹೊಲದಲ್ಲಿ ಒಂದು ಬೇಕಂತೆ, ಇದಕ್ಕಿಂತ ದೊಡ್ಡದು ಏನಾದರೂ ಇದೆಯೇ ಎಂದು ಕೇಳಿದರು. ಕೈರೋದಲ್ಲಿ ಒಂದು ಹಳೆಯ ಮಸೀದಿ ಇದೆ, ಹೊರ ಅಂಗಳ ಸೇರಿ ಆರೂವರೆ ಎಕರೆ ಆಗುತ್ತದೆ ಅಂದೆ. ಅವರು ಯೋಚಿಸಿದ್ದು ಕೇಳಿಸಿತು.

"ತಡಿ ಹಂಗಾದ್ರ," ಅಂದರು. "ಬಾಜೂ ಹೊಲದವ್ರನ್ನೂ ಕೇಳಿ ಹೇಳತೇನಿ."